ಲಂಕೆಗೆ ಮೊದಲು ಬೆಳ್ಳಂದೂರು

ಹೊರದೇಶ ನೋಡಲು ಹೊರಟವರಿಗೆ ಬುದ್ಧಿ ಹೇಳುವುದಕ್ಕೆ ಹೇಳುವವರು ಹೊರದೇಶ ನೋಡಿರಬೇಕು ಎಂಬ ಕಾನೂನಿಲ್ಲ. ಇದು ನನಗೆ ಗೊತ್ತಾದದ್ದು ನಾನು, ನನ್ನ ಹೆಂಡತಿ ವೇಣಿ ಶ್ರೀಲಂಕಾಕ್ಕೆ ಟಿಕೆಟ್ ಮಾಡಿಸಿದ ಮೇಲೆ. ಅಲ್ಲಿಯವರೆಗೆ ನಮ್ಮ ಮಾದನಾಯಕನಹಳ್ಳಿಯಲ್ಲಿ ಇಷ್ಟೊಂದು ಜನ ತಿಳಿದವರಿದ್ದಾರೆ ಎಂಬುದೇ ತಿಳಿದಿರಲಿಲ್ಲ. ತುಮಕೂರು ರಸ್ತೆಯ ಟೋಲ್ ದಾಟದವರೂ ನಮ್ಮ ಮನೆಗೆ ಬಂದು ಕೂತು, ಕಾಫಿ ಕುಡಿದು, ಕೊಲಂಬೊ ವಿಮಾನ ನಿಲ್ದಾಣದಲ್ಲಿ ಯಾವ ಬಾಗಿಲಿನಿಂದ ಹೊರಗೆ ಬರಬೇಕು ಎಂದು ಹೇಳಿ ಹೋದರು.

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ನಾವು ಊರು ಸುತ್ತಿಲ್ಲವೆಂದಲ್ಲ. ಧರ್ಮಸ್ಥಳಕ್ಕೆ ಹೋಗಿದ್ದೇವೆ, ತಿರುಪತಿಗೆ ಹೋಗಿದ್ದೇವೆ, ಒಮ್ಮೆ ಊಟಿಗೂ ಹೋಗಿದ್ದೇವೆ. ಎಲ್ಲ ಕಡೆಗೂ ಟೆಂಪೋ ಟ್ರಾವೆಲರ್‌ನಲ್ಲಿಯೇ, ನಮ್ಮ ಬಾಯಲ್ಲಿ ಟಿಟಿ. ಮುಂದಿನ ಸೀಟಿನಲ್ಲಿ ನನ್ನ ತಾಯಿ ಸೊಣ್ಣಮ್ಮ. ಹಿಂದೆ ನನ್ನ ತಮ್ಮ ಬಾಲಾಜಿ, ಅವನ ಹೆಂಡತಿ ಭುವನೇಶ್ವರಿ, ಅವರ ಮಕ್ಕಳು, ನಮ್ಮ ಸೋದರತ್ತೆಯರು, ಅವರ ಮೊಮ್ಮಕ್ಕಳು. ಎಲ್ಲರಿಗಿಂತ ಹಿಂದೆ, ಪುಳಿಯೋಗರೆ ಪಾತ್ರೆ ಉರುಳದ ಹಾಗೆ ಎರಡು ಕಾಲಿನ ಮಧ್ಯೆ ಒತ್ತಿ ಹಿಡಿದುಕೊಂಡು ವೇಣಿ. ಊಟಿಯಲ್ಲಿ ಎಲ್ಲರೂ ದೋಣಿ ಹತ್ತಿದ್ದಾಗ ಅವಳು ಗಾಡಿಗಳು ನಿಲ್ಲುವ ಜಾಗದಲ್ಲಿ ಗ್ಯಾಸ್ ಒಲೆ ಹಚ್ಚಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಊಟಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಅವಳು, ಗಾಳಿ ಜಾಸ್ತಿ, ಒಲೆ ಆರಿ ಹೋಗುತ್ತದೆ ಎನ್ನುತ್ತಾಳೆ.

ಮಗಳ ಮದುವೆ ಮುಗಿದ ಮೇಲೆ ಒಂದು ದಿನ ವೇಣಿ ತನ್ನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಚಹಾ ತೋಟಗಳ ನಡುವೆ ಒಂದು ನೀಲಿ ರೈಲು ನಿಧಾನವಾಗಿ ಹೋಗುತ್ತಿತ್ತು. ಬಾಗಿಲ ಹತ್ತಿರ ಒಬ್ಬಳು ಹೆಂಗಸು ಕೂತು ಸುಮ್ಮನೆ ಹೊರಗೆ ನೋಡುತ್ತಿದ್ದಳು. ಅವಳ ಕೈಯಲ್ಲಿ ಪಾತ್ರೆ ಇರಲಿಲ್ಲ.

"ನಾವಿಬ್ರೇ ಹೋಗೋದಾದ್ರೆ ಬರ್ತೀನಿ. ಇನ್ನೊಬ್ರು ಹತ್ತಿದ್ರೂ ನಾನು ಮನೇಲೇ ಇರ್ತೀನಿ, ನೀವು ಹೋಗ್ಬನ್ನಿ" ಅಂದಳು.

ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ ಎಂದೇನೂ ನಾನು ಹೇಳುವುದಿಲ್ಲ. ಬೇರೆಯೂ ಕೇಳಿದ್ದಾಳೆ, ನಾನು ಕೊಟ್ಟಿಲ್ಲ. ಇದನ್ನು ಕೊಡಬೇಕು ಅನ್ನಿಸಿತು. ಪೀಣ್ಯದಲ್ಲಿ ನನ್ನದೊಂದು ಪೌಡರ್ ಕೋಟಿಂಗ್ ಶೆಡ್ ಇದೆ. ಮಾರನೆಯ ದಿನ ಅಲ್ಲಿ ಕೂತೇ, ಮನೆಯಲ್ಲಿ ಯಾರಿಗೂ ಹೇಳದೆ, ಎರಡು ಟಿಕೆಟ್ ಮಾಡಿಸಿದೆ.

ಗೊತ್ತಾದ ಕೂಡಲೇ ಬಾಲಾಜಿ ತಾನೂ ಬರುತ್ತೇನೆ ಅಂದ. ಅವನ ಸಂಸಾರದಲ್ಲಿ ಯಾರ ಹತ್ತಿರವೂ ಪಾಸ್‌ಪೋರ್ಟ್ ಇರಲಿಲ್ಲ, ನಮ್ಮ ಪುಣ್ಯ. ಬರಲಾಗದವನು ಬುದ್ಧಿ ಹೇಳಲು ಕೂತ. ಅವನು ಯೂಟ್ಯೂಬ್ ನೋಡಿ ಪ್ರಪಂಚ ತಿಳಿದವನು. ಬಾಟಲಿ ನೀರನ್ನೇ ಕುಡಿಯಬೇಕು, ಮೀಟರ್ ಇಲ್ಲದ ಆಟೋ ಹತ್ತಬಾರದು, ಅಲ್ಲಿಯ ಭಾಷೆಯಲ್ಲಿ ನಾಲ್ಕು ಮಾತು ಕಲಿಯಬೇಕು ಎಂದು ದಿನಕ್ಕೊಂದು ಪಾಠ. ಎರಡು ಮಾತನ್ನು ಮಾತ್ರ ದಿನವೂ ಹೇಳುತ್ತಿದ್ದ.

"ಅಣ್ಣ, ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಡ್ಬೇಡ. ದೇವ್ರೇ ಬಂದು ಕೇಳಿದ್ರೂ ಕೊಡ್ಬೇಡ. ಇನ್ನೊಂದು, ಕೋಪ ಮಾಡ್ಕೋಬೇಡ. ಇಲ್ಲಿ ಥರ ಅಲ್ಲ. ಹೊರದೇಶದಲ್ಲಿ ಕೋಪ ಮಾಡ್ಕೊಂಡ್ರೆ ಒಳಗೆ ಹಾಕ್ತಾರೆ."

ಕೋಪ ಮಾಡಿಕೊಳ್ಳಬೇಡ ಎಂದವನ ಮೇಲೆ ನಾನು ಮಾಡಿಕೊಂಡ ಕೋಪಕ್ಕೆ ಅವನು ಎರಡು ದಿನ ನಮ್ಮ ಮನೆ ಕಡೆ ಬರಲಿಲ್ಲ. ಮೂರನೆಯ ದಿನ ಬಂದು ಮತ್ತೆ ಅದನ್ನೇ ಹೇಳಿದ.

ಅಮ್ಮನ ತಕರಾರು ಬೇರೆ ಥರದ್ದು. ಲಂಕೆ ಎಂಬ ಹೆಸರು ಕೇಳಿದ್ದೇ ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. "ರಾವಣನ ಊರ್ಗೆ ಎಂಡ್ತೀನ ಕದ್ಕೊಂಡ್ ಓದೋರ್ನ ಕೇಳಿವ್ನಿ. ಕೈಯಾರೆ ಕರ್ಕೊಂಡ್ ಓಗೋನ್ನ ಈಗ್ಲೇ ಕಣ್ಲಾ ನೋಡಿದ್ದು" ಅಂದಳು. ಅಷ್ಟು ಹೇಳಿ ಒಪ್ಪಿದಳು. ಒಪ್ಪಿದ ಮೇಲೆ ಅವಳ ಕೆಲಸ ಶುರುವಾಯಿತು. ಚಟ್ನಿಪುಡಿ, ಹುರಿದ ರವೆ, ನಿಂಬೆಕಾಯಿ ಉಪ್ಪಿನಕಾಯಿ, ಹುರಿಹಿಟ್ಟು, ಸೋನಾ ಮಸೂರಿ ಅಕ್ಕಿ. ಕೊನೆಗೆ ಒಂದು ಕರೆಂಟ್ ಒಲೆ, ಅದರ ಮೇಲೆ ಕೂರುವ ಸಣ್ಣ ಕುಕ್ಕರ್. ಲಂಕೆಯವರೂ ಮೂರು ಹೊತ್ತು ಅನ್ನ ತಿನ್ನುವವರು ಎಂದು ನಾನು ಹೇಳಿದರೆ, ಅವರ ಅನ್ನ ಎಂಥದ್ದೋ ಏನೋ ಅಂದಳು.

ಕುಕ್ಕರ್ ಸೂಟ್‌ಕೇಸ್ ಒಳಗೆ ಹೋದದ್ದನ್ನು ವೇಣಿ ನೋಡಿದಳು. ಮಧ್ಯಾಹ್ನ ಅದರ ವಿಶಲ್ ಕಿತ್ತು ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟಳು. ಸಂಜೆಗೆ ಅಮ್ಮ ಹುಡುಕಿ ತಂದು ಮತ್ತೆ ಸಿಕ್ಕಿಸಿದಳು. ಆ ರಾತ್ರಿ ವೇಣಿ ನನ್ನನ್ನು ಕೇಳಿದಳು.

"ಅಲ್ಲೂ ನಾನೇ ಅನ್ನ ಮಾಡೋದಾದ್ರೆ ವಿಮಾನ ಯಾಕ್ರೀ? ಗ್ಯಾಸ್ ಖಾಲಿ ಆಗಿಲ್ವಲ್ಲ, ಇಲ್ಲೇ ಮಾಡ್ತೀನಿ."

ಹೊರಡುವಾಗ ಯಾರಿಗೂ ಕಾಣದಂತೆ ತೆಗೆದಿಡುತ್ತೇನೆ ಎಂದೆ. ಅವಳು ನಂಬಲಿಲ್ಲ. ನನಗೆ ಊರಿನವರ ಮೇಲೆಲ್ಲ ಬರುವ ಕೋಪ ಅಮ್ಮನ ಮುಂದೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು.

ಹೊರಡಲು ವಾರವಿದೆ ಎನ್ನುವಾಗ ವಿಮಾನ ಮಂಗಳವಾರದ್ದು ಎಂಬುದು ಅಮ್ಮನಿಗೆ ತಿಳಿಯಿತು. ಮಂಗಳವಾರ ಬಡಗಣ ದಿಕ್ಕಿಗೆ ಶೂಲೆ, ಹೊರಡಕೂಡದು ಅಂದಳು. ಲಂಕೆ ಇರುವುದು ತೆಂಕಣಕ್ಕೆ ಎಂದು ನಾನು ಭೂಪಟ ತೋರಿಸಿದೆ. ಏರ್‌ಪೋರ್ಟ್ ಯಾವ ದಿಕ್ಕು ಎಂದು ಅವಳು ಕೇಳಿದಳು. ಅದು ಬಡಗಣಕ್ಕೇ. ಮನುಷ್ಯ ಮೊದಲು ಯಾವ ಕಡೆಗೆ ಹೆಜ್ಜೆ ಇಡುತ್ತಾನೋ ಅದೇ ಅವನು ಹೋಗುವ ದಿಕ್ಕಂತೆ. ಅಲ್ಲಿಂದ ಮುಂದೆ ವಿಮಾನ ಎತ್ತ ತಿರುಗಿದರೂ ಲೆಕ್ಕಕ್ಕಿಲ್ಲವಂತೆ. ಟಿಕೆಟ್ ಬದಲಾಯಿಸು ಎಂದಳು. ನಾನು ಆಗುವುದಿಲ್ಲ ಎಂದೆ. ಹಾಗಾದರೆ ಪರಸ್ಥಾನ ಇಡೋಣ ಎಂದಳು.

ಪರಸ್ಥಾನ ನಮ್ಮ ಕಡೆಯ ಹಳೆಯ ಉಪಾಯ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ, ಪ್ರಯಾಣದ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟರೆ ನಾವೂ ಹೊರಟಂತೆ. ಆಮೇಲೆ ಯಾವ ಕೆಟ್ಟ ದಿನದಲ್ಲಿ ಬೇಕಾದರೂ ಆ ಗಂಟು ಎತ್ತಿಕೊಂಡು ಮುಂದೆ ಹೋಗಬಹುದು. ಅದಕ್ಕೆ ಅಮ್ಮ ಹೇಳುವ ಕಟ್ಟುಪಾಡುಗಳಿವೆ. ಇಡಲು ಹೋದವನು ಹೆಚ್ಚು ಮಾತಾಡಬಾರದು, ತಿರುಗಿ ನೋಡಬಾರದು. ಇಟ್ಟ ಗಂಟು ಮತ್ತೆ ಮನೆಗೆ ಬರಬಾರದು. ಅದನ್ನು ಎತ್ತಿಕೊಂಡ ಮೇಲೆ ನಾವೂ ಮನೆಯ ಹೊಸ್ತಿಲು ತುಳಿಯಬಾರದು, ಮನೆಯವರು ನಮ್ಮ ಹಿಂದೆ ಬರಬಾರದು.

ಕಡೆಯ ಕಟ್ಟುಪಾಡಿನಿಂದ ಬಾಲಾಜಿಗೆ ಪೇಚಾಟವಾಯಿತು. ನಮ್ಮನ್ನು ಕಳಿಸಿಕೊಡಲು ಹದಿನಾಲ್ಕು ಜನ ಏರ್‌ಪೋರ್ಟಿಗೆ ಬರುವುದೆಂದು ಅವನು ಆಗಲೇ ಟಿಟಿ ಗೊತ್ತು ಮಾಡಿಬಿಟ್ಟಿದ್ದ, ಹಾರಕ್ಕೂ ಹೇಳಿದ್ದ. ಯೋಚಿಸಿ ದಾರಿ ಕಂಡುಹಿಡಿದ. ಹಿಂದೆ ಬರಬಾರದು ಅಷ್ಟೆ ತಾನೆ, ಟಿಟಿ ಮುಂದೆ ಹೋಗಲಿ, ಇವರು ಗಂಟು ಎತ್ತಿಕೊಂಡು ಕಾರಿನಲ್ಲಿ ಹಿಂದೆ ಬರಲಿ ಎಂದ. ಅಮ್ಮ ಒಪ್ಪಿದಳು. ವೇಣಿ ಅಡುಗೆಮನೆಗೆ ಎದ್ದು ಹೋದಳು. ಹದಿನಾಲ್ಕು ಜನರಿಗೆ ದಾರಿಯಲ್ಲಿ ಹಸಿವಾಗುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗಂಟಿನಲ್ಲಿ ಏನಿಡುವುದು ಎಂಬ ಪ್ರಶ್ನೆ ಬಂತು. ನಾನು ಒಂದು ಟವೆಲ್ ಕೊಟ್ಟೆ. ಅಮ್ಮ ಅದನ್ನು ವಾಪಸ್ ಎಸೆದಳು. "ಯಾವ್ದಿಲ್ದೆ ನೀನು ಓಗಕ್ಕೇ ಆಗಲ್ವೋ ಅದ್ನ ಮಡಗ್ಬೇಕು. ಟವಲ್ ಇಲ್ದೆ ಓಗಕ್ಕಾಗಲ್ವ ನಿಂಗೆ?"

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಎರಡು ಪಾಸ್‌ಪೋರ್ಟ್ ಕೊಟ್ಟೆ. ಅಮ್ಮ ಅವನ್ನು ಒಂದು ಹೊಸ ರವಿಕೆ ಕಣದಲ್ಲಿ ಸುತ್ತಿ, ಅರಿಶಿನದ ಕೊಂಬು, ಅಡಿಕೆ ಸೇರಿಸಿ, ಮೇಲೆ ಅರಿಶಿನ ನೀರು ಚಿಮುಕಿಸಿ ಗಂಟು ಹಾಕಿದಳು. ಜೊತೆಗೊಂದು ತೆಂಗಿನಕಾಯಿ, ವೀಳ್ಯದೆಲೆ. ಎಲ್ಲವನ್ನೂ ಮಗಳ ಮದುವೆಯಲ್ಲಿ ಉಳಿದಿದ್ದ ತಾಂಬೂಲದ ಚೀಲಕ್ಕೆ ಹಾಕಿದಳು.

ಯಾರ ಮನೆಯಲ್ಲಿ ಇಡುವುದು? ಮೇಲಿನ ಬಾಡಿಗೆಯವರ ಮನೆ ಒಂದೇ ಸೂರು, ನಡೆಯದು. ಬಾಲಾಜಿಯದು ಒಂದೇ ಕಾಂಪೌಂಡು. ಎಡಗಡೆಯವರ ಜೊತೆ ಮೋರಿ ವಿಚಾರದಲ್ಲಿ, ಬಲಗಡೆಯವರ ಜೊತೆ ಕಾರು ನಿಲ್ಲಿಸುವ ವಿಚಾರದಲ್ಲಿ ನನಗೆ ಮಾತಿಲ್ಲ. ಉಳಿದದ್ದು ಎದುರು ಅಪಾರ್ಟ್‌ಮೆಂಟಿನ ಕೆಳಗಿನ ಮನೆ. ಅಲ್ಲಿ ಕರಿಬಸಪ್ಪ, ಮಹಾದೇವಿ ಎಂಬ ದಂಪತಿ ಇದ್ದಾರೆ, ಹರಿಹರದ ಕಡೆಯವರು. ಕರಿಬಸಪ್ಪನವರು ಎಂಜಿನಿಯರ್ ಆಗಿ ನಿವೃತ್ತರಾದವರು. ಬಂದು ಹೆಚ್ಚು ದಿನ ಆಗಿಲ್ಲವಾದ್ದರಿಂದ ಅವರ ಜೊತೆ ನನಗಿನ್ನೂ ಜಗಳವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಹೇಳಿದ ಹೊತ್ತಿಗೆ ಹೋಗಿ ಬಾಗಿಲು ತಟ್ಟಿದೆ. ಮಹಾದೇವಿಯವರು ಬಂದರು. ಒಳಗೆ ಯಾರೋ ನೆಂಟರು ಬರುವ ಸಡಗರ ಇದ್ದ ಹಾಗಿತ್ತು, ಹೋಳಿಗೆ ವಾಸನೆ ಬರುತ್ತಿತ್ತು.

"ಬರ್ರಿ, ಬರ್ರಿ. ಏನ್ ವಿಶೇಷ್ರಿ?"

"ಮಂಗಳವಾರ ನಾವು ಶ್ರೀಲಂಕಾಕ್ಕೆ ಹೊರಟಿದ್ದೀವಿ ಮೇಡಂ. ಇದು ನಿಮ್ಮನೇಲಿರ್ಲಿ."

ಅವರು ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಭಾಳ ಸಂತೋಷ್ ಆತ್ರಿ, ಚಲೋತ್ನ್ಯಾಗ ಹೋಗಿ ಬರ್ರಿ ಅಂದರು. ಎಷ್ಟು ಮರ್ಯಾದೆಯ ಜನ ಎಂದುಕೊಂಡು ನಾನು ಬಂದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಅವರ ಅಡುಗೆಮನೆ ಬಾಗಿಲ ಹಿಂದೆ, ಒಂದೇ ಮೊಳೆಗೆ, ಅಂಥವೇ ಚೀಲಗಳು ಗೊಂಚಲು ಗೊಂಚಲಾಗಿ ನೇತಾಡುತ್ತಿರುವುದು ಆಗಲೇ ಕಾಣುತ್ತಿತ್ತು.

ಮಂಗಳವಾರ ಬೆಳಿಗ್ಗೆ ನಮ್ಮ ಮನೆ ಮದುವೆ ಮನೆಯಾಗಿತ್ತು. ವಿಮಾನ ಸಂಜೆಗೆ. ಟಿಟಿ ಆಗಲೇ ಬಂದು ಗೇಟಿನ ಮುಂದೆ ನಿಂತಿತ್ತು. ಬಾಲಾಜಿ ಕೈತಕ್ಕಡಿಗೆ ಸೂಟ್‌ಕೇಸ್ ಸಿಕ್ಕಿಸಿ ತೂಗುತ್ತಿದ್ದ. ಮೂರು ಸೂಟ್‌ಕೇಸ್‌ಗಳಲ್ಲಿ ನಮ್ಮ ಬಟ್ಟೆ ಇದ್ದದ್ದು ಒಂದರಲ್ಲಿ, ಅದೂ ಅರ್ಧ. ತೂಕ ಜಾಸ್ತಿ ಬಂತೆಂದು ವೇಣಿಯ ಎರಡು ಸೀರೆ ತೆಗೆಸಿದರು. ಕುಕ್ಕರ್ ತೆಗೆಸಲಿಲ್ಲ. ವೇಣಿ ಹೊಸ ಚೂಡಿದಾರ್ ತೊಟ್ಟು, ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು, ಆ ವೇಷದಲ್ಲೇ ಪುಳಿಯೋಗರೆ ಕಲಸುತ್ತಿದ್ದಳು.

ಮಧ್ಯಾಹ್ನ ಗಂಟು ಎತ್ತಿಕೊಳ್ಳಲು ಬರುತ್ತೇವೆ, ಮನೆಯಲ್ಲಿರಿ ಎಂದು ಹೇಳಿ ಬರಲು ನಾನು ಎದುರು ಮನೆಗೆ ಹೋದೆ. ಮಹಾದೇವಿಯವರು ನಗುತ್ತಾ ಕರೆದು ಕೂರಿಸಿದರು. ನಾನು ಚೀಲದ ಮಾತೆತ್ತಿದೆ.

"ಆ ಚೀಲಾನ? ಅದು ಭಾನುವಾರಾನ ಹೋತಲ್ರಿ" ಅಂದರು.

ಭಾನುವಾರ ಊಟಕ್ಕೆ ಬೆಳ್ಳಂದೂರಿನಿಂದ ಅವರ ಮಗಳು ಮೇಘಾ, ಅಳಿಯ ಅಮರೇಶ್ ಬಂದಿದ್ದರಂತೆ. ಸಂಜೆ ಹೊರಟಾಗ ಮಗಳನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಕಾಯಿ, ಎಲೆ, ಅಡಿಕೆ, ರವಿಕೆ ಕಣ ಎಲ್ಲ ಸೇರಿ ಸಿದ್ಧವಾಗಿದ್ದ ಚೀಲ ಕಣ್ಣ ಮುಂದೆಯೇ ಇತ್ತು. ಕುಂಕುಮ ಇಟ್ಟು ಅದನ್ನೇ ಕೊಟ್ಟು ಕಳಿಸಿದರಂತೆ. ಅವರ ಮನೆಗೆ ಬರುವ ಎಲ್ಲ ತಾಂಬೂಲವೂ ಹಾಗೆಯೇ ಇನ್ನೊಂದು ಮನೆಗೆ ಹೋಗುತ್ತದಂತೆ. ನಮ್ಮ ಮನೆಯಲ್ಲೂ ಹಾಗೆಯೇ. ಬಂದ ಕಾಯಿ ಎಷ್ಟು ಮನೆ ಸುತ್ತಿ ಬಂದಿದೆ ಎಂದು ಯಾರೂ ಕೇಳುವುದಿಲ್ಲ.

ಅದರೊಳಗೆ ಏನಿತ್ತು ಎಂದು ನಾನು ಹೇಳಿದೆ. ಮಹಾದೇವಿಯವರು ಹೋಗಿ ಅಡುಗೆಮನೆ ಬಾಗಿಲ ಹಿಂದಿನ ಚೀಲಗಳನ್ನೆಲ್ಲ ತಡಕಿ ನೋಡಿದರು. ವಿಭೂತಿ ಹಚ್ಚಿಕೊಂಡು ಪೂಜೆಯಿಂದ ಎದ್ದು ಬಂದ ಕರಿಬಸಪ್ಪನವರಿಗೆ ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ನಾನು ಕೂಗಿದೆನೆಂದು ಕಾಣುತ್ತದೆ. ಅವರು ಮಗಳಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಅಳಿಯನಿಗೆ ಮಾಡಿದರು, ಅವನೂ ಎತ್ತಲಿಲ್ಲ. ಮೀಟಿಂಗ್‌ನಲ್ಲಿ ಇರ್ತಾರೆ, ಸಿಕ್ಕ ಮೇಲೆ ಯಾವುದಾದರೂ ಪಾರ್ಸೆಲ್ ಬೈಕಿನವನ ಕೈಯಲ್ಲಿ ತರಿಸೋಣ ಎಂದರು. ದೇವರೇ ಬಂದು ಕೇಳಿದರೂ ಕೊಡಬಾರದ ವಸ್ತುವನ್ನು ಬೈಕಿನವನಿಗೆ ಕೊಡುವುದೇ? ಒಮ್ಮೆ ಎದುರು ಮನೆಗೆ ಕೊಟ್ಟು ನೋಡಿದ್ದೆ, ಸಾಕಾಗಿತ್ತು. ವಿಳಾಸ ಬರೆಸಿಕೊಂಡು ಓಡಿದೆ.

ನಾನು ಕಾರು ತೆಗೆಯುವಾಗ ವೇಣಿ ಕೈ ಒರೆಸಿಕೊಳ್ಳುತ್ತಾ ಬಂದಳು. ವಿಷಯ ಕೇಳಿ ಅವಳ ಮುಖ ಸಣ್ಣದಾಯಿತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು.

"ನೀನ್ಯಾಕೆ?"

"ನೀವೊಬ್ರೇ ಹೋದ್ರೆ ಅಲ್ಲಿ ಯಾರ ಜೊತೆನಾದ್ರೂ ಜಗಳ ತೆಗೆದು ನಿಂತ್ಕೋತೀರ. ನಡೀರಿ."

ಹಿಂದಿನಿಂದ ಬಾಲಾಜಿ, ಲಗೇಜಿಗೆ ಮನೆಗೇ ವಾಪಸ್ ಬನ್ನಿ, ಟೈಮ್ ಇದೆ ಎಂದು ಕೂಗಿದ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಮಾದನಾಯಕನಹಳ್ಳಿಯಿಂದ ಬೆಳ್ಳಂದೂರಿಗೆ ಎಷ್ಟು ಎಂಬುದನ್ನು ಯಾವ ಟಿಕೆಟಿನಲ್ಲೂ ಬರೆದಿರುವುದಿಲ್ಲ. ಪೀಣ್ಯದ ಫ್ಲೈಓವರ್ ದಾಟಿ ಗೊರಗುಂಟೆಪಾಳ್ಯದಲ್ಲಿ ನಿಂತೆವು. ಹೆಬ್ಬಾಳದಲ್ಲಿ ಏರ್‌ಪೋರ್ಟ್ ಎಡಕ್ಕೆ ಎಂಬ ದೊಡ್ಡ ಬೋರ್ಡ್ ಕಂಡಿತು. ಏರ್‌ಪೋರ್ಟಿಗೆ ಹೋಗಬೇಕಾದ ನಾವು ಅದನ್ನು ಬಿಟ್ಟು ಮುಂದೆ ಹೋದೆವು. ಮಾರತಹಳ್ಳಿಯ ಹತ್ತಿರ ಕಾರು ಪೂರ್ತಿ ನಿಂತೇ ಹೋಯಿತು. ಮುಂದಿನವನಿಗೆ, ಪಕ್ಕದವನಿಗೆ, ರಸ್ತೆ ಅಗೆದವರಿಗೆ, ಅಗೆದು ಮುಚ್ಚದವರಿಗೆ ಎಲ್ಲರಿಗೂ ನಾನು ಬೈದೆ. ಗಾಜು ಮುಚ್ಚಿದ್ದರಿಂದ ಎಲ್ಲವೂ ವೇಣಿಗೇ ಕೇಳಿತು.

ಅವಳು ಗಾಜು ಇಳಿಸಿ ಹೊರಗೆ ನೋಡುತ್ತಿದ್ದಳು. ಅವಳು ಹುಟ್ಟಿದ್ದು ಲಗ್ಗೆರೆಯಲ್ಲಿ, ಮದುವೆಯಾಗಿ ಬಂದದ್ದು ಮಾದನಾಯಕನಹಳ್ಳಿಗೆ. ಪೀಣ್ಯದ ಆಚೆ ಈಚೆ. ನಗರದ ಈ ದಿಕ್ಕನ್ನು ಅವಳು ನೋಡಿದ್ದು ಇದೇ ಮೊದಲು. ಗಾಜಿನ ಕಟ್ಟಡಗಳ ಹೆಸರನ್ನು ಒಂದೊಂದಾಗಿ ಜೋರಾಗಿ ಓದಿದಳು. ಸಿಗ್ನಲ್ಲಿನಲ್ಲಿ ಉಪ್ಪು ಖಾರ ಹಾಕಿದ ಸೀಬೆಹಣ್ಣು ತೆಗೆದುಕೊಂಡಳು. ಹೊರಗೆ ಹೆಚ್ಚಿಟ್ಟ ಹಣ್ಣು ತಿನ್ನಬಾರದು ಎಂಬುದು ಅಮ್ಮನ ಸಲಹೆಗಳಲ್ಲಿ ಒಂದು. ಒಂದು ಹೋಳು ನನ್ನ ಬಾಯಿಗೂ ತುರುಕಿದಳು, ಬೈಯುವುದು ಸ್ವಲ್ಪ ಹೊತ್ತು ನಿಂತಿತು. ಆಗ ಹಿಂದಿನ ಸೀಟು ನೋಡಿದೆ. ಈ ಕಾರು ಕೊಂಡ ಮೇಲೆ ನಾವಿಬ್ಬರೂ ಹೋಗುವಾಗ ಆ ಸೀಟು ಖಾಲಿ ಇದ್ದದ್ದನ್ನು ನಾನು ಕಂಡಿರಲಿಲ್ಲ.

"ಸಿಗ್ದೇ ಹೋದ್ರೆ ಏನ್ಮಾಡೋದ್ರೀ?" ಎಂದಳು, ಹೊರಗೆ ನೋಡುತ್ತಲೇ.

ನಾನು ಮುಂದಿನವನಿಗೆ ಹಾರ್ನ್ ಹೊಡೆದೆ.

ಬೆಳ್ಳಂದೂರು ಕೆರೆ ಕಾಣುವ ಹೊತ್ತಿಗೆ ಕರಿಬಸಪ್ಪನವರ ಫೋನ್ ಬಂತು. ಅಳಿಯ ಸಿಕ್ಕಿದ, ಮನೆಯಿಂದಲೇ ಕೆಲಸ ಮಾಡುತ್ತಿದ್ದಾನೆ, ಗೇಟಿನ ಹತ್ತಿರ ಹೋಗಿ ಎಂದರು.

ಆ ಗೇಟು ಬೆಂಗಳೂರು ಕೋಟೆಯ ಬಾಗಿಲಿಗಿಂತ ದೊಡ್ಡದು. ಕಾವಲಿನವನು ಒರಿಸ್ಸಾದ ಕಡೆಯವನಂತೆ, ಹಿಂದಿಯಲ್ಲಿ ಮಾತಾಡಿದ. ಯಾರ ಮನೆ, ಎಷ್ಟನೇ ನಂಬರು, ಏನು ಕೆಲಸ, ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳಿದ. ಗೋಡೆಗೆ ಹಾಕಿದ ಫೋನಿನಂಥದ್ದರಲ್ಲಿ ನನ್ನ ಮುಖದ ಫೋಟೋ ತೆಗೆದ. ಮನೆಯವರು ಅವರ ಫೋನಿನಲ್ಲಿ ಒಪ್ಪಿಗೆ ಒತ್ತಿದರೆ ಮಾತ್ರ ಒಳಗೆ ಬಿಡುವುದಂತೆ. ಮನೆಯವನು ಮತ್ತೆ ಮೀಟಿಂಗ್‌ಗೆ ಕೂತಿದ್ದ, ಒತ್ತಲಿಲ್ಲ. ನಮ್ಮ ಹಿಂದೆ ಊಟ ತಂದ ಬೈಕಿನವರು ಬಂದರು, ಒಳಗೆ ಹೋದರು. ನಾನು ಕಾರಿನಿಂದ ಇಳಿದೆ. ಇದು ನನ್ನ ಊರು, ನಿಮ್ಮ ಅಪಾರ್ಟ್‌ಮೆಂಟ್ ಏಳುವ ಮೊದಲಿನಿಂದ ಇಲ್ಲಿದ್ದೇವೆ ಎಂದೆಲ್ಲ ಕನ್ನಡದಲ್ಲಿ ಶುರು ಮಾಡಿದ್ದೆ. ಅವನು ಪಾಪ, ಮತ್ತೊಮ್ಮೆ ನನ್ನ ಫೋಟೋ ತೆಗೆದ.

ವೇಣಿ ಬಂದು ನನ್ನ ತೋಳು ಹಿಡಿದಳು.

"ರೀ, ಇದು ಹೊರದೇಶ ಅಂದ್ಕೊಂಡು ಸುಮ್ನಿರಿ."

ನಾನು ಸುಮ್ಮನಾದೆ. ಬಾಲಾಜಿಯ ಸಲಹೆ ಕೆಲಸಕ್ಕೆ ಬಂದದ್ದು ಅದೊಂದು ಸಲ. ವೇಣಿ ಕಾವಲಿನವನ ಕಡೆ ತಿರುಗಿ, "ಭೈಯಾ, ಫ್ಲೈಟ್" ಎಂದು ಅಂಗೈಯನ್ನು ವಿಮಾನ ಮಾಡಿ ಹಾರಿಸಿ ತೋರಿಸಿದಳು. ಆಮೇಲೆ ನನ್ನನ್ನು, ತನ್ನನ್ನು ತೋರಿಸಿ, ಅಪಾರ್ಟ್‌ಮೆಂಟಿನ ಮೇಲ್ಗಡೆ ಬೆರಳು ಮಾಡಿ, ಎರಡು ಕೈಯನ್ನೂ ಪುಸ್ತಕದಂತೆ ಬಿಡಿಸಿದಳು. ಅವನು ನಕ್ಕ. ಒಳಗಿನ ಫೋನ್ ಎತ್ತಿ ಅಮರೇಶನ ಮನೆಗೆ ರಿಂಗ್ ಮಾಡುತ್ತಲೇ ನಿಂತ.

ಸ್ವಲ್ಪ ಹೊತ್ತಿಗೆ ಅಮರೇಶ್ ಓಡಿ ಬಂದ. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಚಡ್ಡಿ, ಕುತ್ತಿಗೆಯಲ್ಲಿ ಹೆಡ್‌ಫೋನು. ಕೈಯಲ್ಲಿ ಚೀಲವಿರಲಿಲ್ಲ, ಹಳದಿ ಗಂಟು ಮಾತ್ರ ಇತ್ತು.

"ಸಾರಿ ಅಂಕಲ್, ತೆಂಗಿನಕಾಯಿ ನಿನ್ನೆ ಚಟ್ನಿ ಆಗೋಯ್ತು. ಇದನ್ನ ಮೇಘಾ ಸಂಜೆ ಟೈಲರ್‌ಗೆ ಕೊಡೋಣ ಅಂತ ಹಾಗೇ ಇಟ್ಟಿದ್ಲು. ಒಳಗೆ ಗಟ್ಟಿಯಾಗಿ ಏನೋ ಇದೆ, ಡೈರಿ ಇರ್ಬೇಕು ಅಂದ್ಕೊಂಡ್ವಿ."

ವೇಣಿ ಗಂಟು ಬಿಚ್ಚಿದಳು. ಎರಡೂ ಇದ್ದವು. ಅಂಚೆಲ್ಲ ಅರಿಶಿನ. ಅವಳು ಅವನ್ನು ಎದೆಗೆ ಒತ್ತಿಕೊಂಡು ಕಾರಿಗೆ ಒರಗಿ ನಿಂತಳು.

ತಾವು ಮದುವೆಯಾದ ಹೊಸದರಲ್ಲಿ ಶ್ರೀಲಂಕಾಕ್ಕೇ ಹೋಗಿದ್ದೆವು ಎಂದು ಅಮರೇಶ್ ಹೇಳಿದ. ಅಲ್ಲಿಗೆ ನಿಜವಾಗಿ ಹೋಗಿ ಬಂದ ಮನುಷ್ಯನನ್ನು ನಾವು ನೋಡಿದ್ದು ಆಗಲೇ. ಇನ್ನೊಂದು ಗಂಟೆಯ ಪಾಠಕ್ಕೆ ನಾನು ಸಿದ್ಧನಾದೆ. ಅವನು, "ಕ್ಯಾಂಡಿಗೆ ಹೋಗೋ ನೀಲಿ ರೈಲಲ್ಲಿ ಬಲಗಡೆ ಕೂತ್ಕೊಳ್ಳಿ ಆಂಟಿ" ಎಂದಷ್ಟೇ ಹೇಳಿ ಮೀಟಿಂಗಿಗೆ ಓಡಿದ.

ಕಾರು ಹತ್ತುವ ಹೊತ್ತಿಗೆ ಬಾಲಾಜಿಯ ಫೋನ್ ಬಂತು. ಸಿಕ್ಕಿತು ಎಂದೆ. ಅವನು ಎಲ್ಲ ಯೋಚಿಸಿಟ್ಟಿದ್ದ. ಮನೆಗೆ ಬಂದರೆ ಹೊತ್ತಾಗುತ್ತದೆ, ನೀವು ಅಲ್ಲಿಂದಲೇ ನೇರ ಏರ್‌ಪೋರ್ಟಿಗೆ ಬನ್ನಿ, ಮೂರು ಸೂಟ್‌ಕೇಸ್ ಹಾಕಿಕೊಂಡು ನಾವು ಹದಿನಾಲ್ಕು ಜನ ಟಿಟಿಯಲ್ಲಿ ಈಗಲೇ ಹೊರಡುತ್ತೇವೆ ಎಂದ. ಸರಿ ಎನ್ನಲು ನಾನು ಬಾಯಿ ತೆರೆದಿದ್ದೆ. ವೇಣಿ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಬಾಲಾಜಿ, ಅತ್ತೆಗೆ ಕೊಡಪ್ಪ."

ಅಮ್ಮ ಬಂದಳು. ಸ್ಪೀಕರಿನಲ್ಲಿ ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಅತ್ತೆ, ಪರಸ್ಥಾನ ಎತ್ಕೊಂಡಾಯ್ತು. ಈಗ ನಮ್ ಕೈಯಲ್ಲಿದೆ. ನೀವೆಲ್ಲ ಇನ್ನೂ ಮನೇಲೇ ಇದ್ದೀರ. ಈಗ ಹೊರಟ್ರೆ ನಮ್ ಹಿಂದೆ ಹೊರಟಂಗಾಗಲ್ವಾ?"

"ಅಮ್ಮ, ಅದೆಲ್ಲ ಏನಾಗಲ್ಲ ಬಿಡು" ಎಂದು ಬಾಲಾಜಿ ಹೇಳುವುದು ಕೇಳಿಸಿತು. ಸುಮ್ಕಿರ್ಲಾ ಎಂದು ಅಮ್ಮ ಅವನಿಗೆ ಹೇಳಿದಳು. ನಮಗೇನಾದರೂ ಆದೀತು ಎಂಬ ಭಯ ಅವಳದು ನಿಜವಾದದ್ದೇ. ಶಾಸ್ತ್ರವನ್ನು ಅವಳು ನಮಗೊಂದು, ತನಗೊಂದು ಎಂದು ಮಾಡಿದವಳಲ್ಲ.

"ಬರ್ಬಾರ್ದು ಕಣವ್ವ" ಎಂದಳು ಕೊನೆಗೆ. "ಆಗ್ಲಿ. ನೀವು ಇಂಗೇ ಓಗಿ."

"ಹೂಂ ಅತ್ತೆ."

"ಕುಕ್ಕರ್ರು?"

"ಮನೇಲೇ ಇರ್ಲಿ ಬಿಡಿ" ಎಂದು ವೇಣಿ ಫೋನ್ ಇಟ್ಟಳು.

ಹಾಕಿಕೊಳ್ಳಲು ಬಟ್ಟೆ ಎಂದು ನಾನು ಕೇಳಿದೆ. ಲಂಕೆಯವರೂ ಬಟ್ಟೆ ಹಾಕಿಕೊಳ್ಳುತ್ತಾರೆ, ಅಂಗಡಿ ಇರುತ್ತದೆ ಎಂದಳು. ಕಾರ್ಡು ಜೇಬಿನಲ್ಲಿತ್ತು, ಟಿಕೆಟ್ಟು ಫೋನಿನಲ್ಲಿತ್ತು. ಬೇರೆ ಏನಾದರೂ ಬೇಕೆಂದು ಯೋಚಿಸಿದರೆ ಯಾವುದೂ ಹೊಳೆಯಲಿಲ್ಲ. ಒಂದು ತಿಂಗಳು ಸೂಟ್‌ಕೇಸಿಗೆ ತುಂಬಿದ್ದೇನು ಎಂಬುದೇ ನನಗೆ ಮರೆತುಹೋಗಿತ್ತು.

ಏರ್‌ಪೋರ್ಟಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಎಷ್ಟು ಬ್ಯಾಗು ಎಂದು ಕೇಳಿದಳು. ವೇಣಿ ಹಳದಿ ಗಂಟನ್ನು ಎತ್ತಿ ತೋರಿಸಿದಳು. ಹುಡುಗಿ ನಮ್ಮ ಹಿಂದೆ ಇಣುಕಿ, ಇನ್ನು ಯಾರಾದರೂ ಇದ್ದಾರಾ ಎಂದಳು. ನಾನು ಮಾತಾಡುವ ಮೊದಲೇ ವೇಣಿ ಇಲ್ಲ, ನಾವಿಬ್ಬರೇ ಎಂದಳು. ಮುಂದೆ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಹಾಳೆ ತಿರುಗಿಸಿ ತನ್ನ ಬೆರಳು ನೋಡಿಕೊಂಡ. ಅರಿಶಿನ ಸಾರ್ ಎಂದೆ. ಮೇಲೆ ಕೆಳಗೆ ನೋಡಿ ಮೊಹರು ಹಾಕಿದ.

ವಿಮಾನದಲ್ಲಿ ಕೂತ ಮೇಲೆ ಬಾಲಾಜಿ ಒಂದು ಫೋಟೋ ಕಳಿಸಿದ. ಟಿಟಿಗೆ ಹೇಳಿಯಾಗಿತ್ತಲ್ಲ, ಸುಮ್ಮನೆ ಯಾಕೆ ಕಳಿಸುವುದು ಎಂದು ಎಲ್ಲರೂ ಶಿವಗಂಗೆಗೆ ಹೋಗಿದ್ದರಂತೆ. ಬೆಟ್ಟದ ಕೆಳಗೆ ಬಂಡೆಯ ಮೇಲೆ ಜಮಖಾನ ಹಾಸಿ ಕೂತಿದ್ದರು. ನಮಗೆಂದು ತಂದಿದ್ದ ಹಾರ ಅಮ್ಮನ ಕೊರಳಲ್ಲಿತ್ತು. ಮಧ್ಯದಲ್ಲಿ ವೇಣಿಯ ಪುಳಿಯೋಗರೆ ಪಾತ್ರೆ, ಅದರ ಪಕ್ಕದಲ್ಲಿ ಆ ಕುಕ್ಕರ್. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದರು, ಭುವನೇಶ್ವರಿ ಒಬ್ಬಳನ್ನು ಬಿಟ್ಟು. ಅವಳು ಬಗ್ಗಿ ಬಡಿಸುತ್ತಿದ್ದಳು.

ವೇಣಿ ಎರಡು ಬೆರಳಿನಿಂದ ಫೋಟೋ ಅಗಲ ಮಾಡಿ ಭುವನೇಶ್ವರಿಯನ್ನು ತುಂಬಾ ಹೊತ್ತು ನೋಡಿದಳು.

"ಪಾಪ. ಮುಂದಿನ ಸಲ ಅವಳನ್ನ ಕರ್ಕೊಂಡ್ ಹೋಗ್ಬೇಕು ಕಣ್ರೀ."

"ನಾವಿಬ್ರೇ ಅಂದಿದ್ಯಲ್ಲ?"

"ಹೂಂ. ನಾನು, ಅವಳು. ಇಬ್ರೇ."

ನನಗೆ ಕೋಪ ಬರಬೇಕಾಗಿತ್ತು, ಬರುತ್ತಲೂ ಇತ್ತು. ಅಷ್ಟರಲ್ಲಿ ಬಾಗಿಲು ಹಾಕಿ ವಿಮಾನ ಓಡತೊಡಗಿತು. ಹೊರದೇಶ ಅಂದುಕೊಂಡು ಸುಮ್ಮನೆ ಕೂತೆ.